ಸಾಲಿಸ್‌ಬರಿಯ ನೆಗಡಿ ಆಸ್ಪತ್ರೆಯಿಂದ ನಮ್ಮಜ್ಜಿಯ ಒಮಿಕ್ರಾನ್‌ವರೆಗೆ

ಭಾಗ 1

ಪ್ರತಿ ವರ್ಷ ವೈಶಾಖದಲ್ಲಿ ನಮ್ಮ ಮನೇಲಿ ದೊಡ್ಡಪ್ಪನ ತಿಥಿ. ಪ್ರತಿ ವರ್ಷ ಊಟಕ್ಕೆ ಎಲೆ ಹಾಕಿದ ಮೇಲೆ ಅದೇ ಜಗಳ.

ಶುರು ಮಾಡೋರು ಚಿಕ್ಕಪ್ಪ. "ಅಣ್ಣ ಲಸಿಕೆ ಹಾಕಿಸ್ಕೊಂಡು ಒಂಬತ್ತೇ ದಿನಕ್ಕೆ ಜ್ವರ ಬಂದು ಮಲಗಿದ. ಅವ್ವ ಎರಡೂ ಡೋಸ್ ಹಾಕಿಸ್ಕೊಂಡ್ಳು, ಅವಳಿಗೂ ಬಂತು. ಅದ್ರಿಂದ ಏನು ಬಂದಂಗಾಯ್ತು, ಯಾರಾದ್ರೂ ಹೇಳಿ." ಅಪ್ಪ ಮಾತಾಡಲ್ಲ. ಅಜ್ಜಿ "ಹೋಗ್ಲಿ ಬಿಡ್ರೋ, ಅನ್ನ ಆರೋಗ್ತದೆ" ಅಂತಾರೆ. ಅಲ್ಲಿಗೆ ಮುಗಿಯುತ್ತೆ, ಮುಂದಿನ ವರ್ಷದವರೆಗೆ.

ಚಿಕ್ಕಪ್ಪ ಕೋಪಕ್ಕೆ ಹೇಳ್ತಾರೆ ಅಂದ್ಕೋಬೇಡಿ. ಅವರು ಇವತ್ತಿಗೂ ಒಂದು ಡೋಸೂ ಹಾಕಿಸಿಕೊಂಡಿಲ್ಲ. ಅವರ ಮಟ್ಟಿಗೆ ಅದು ಅಣ್ಣನನ್ನ ತಗೊಂಡು ಹೋದ ಸೂಜಿ.

2021ರಲ್ಲಿ ನಾನು ಎಸ್ಸೆಸ್ಸೆಲ್ಸಿ. ನಮ್ಮ ಬ್ಯಾಚು ಗೊತ್ತಲ್ಲ, ಜುಲೈನಲ್ಲಿ ಎರಡೇ ದಿನ ಪರೀಕ್ಷೆ, ಓಎಂಆರ್ ಶೀಟಲ್ಲಿ ಗುಂಡು ತುಂಬಿ ಪಾಸಾದವರು. ಆಮೇಲೆ ಕಾಮರ್ಸ್ ತಗೊಂಡೆ, ಈಗ ಬಿಕಾಂ. ಸೈನ್ಸ್ ಜೊತೆ ನಂಟು ಅಲ್ಲಿಗೇ ಕಡಿದಿತ್ತು. ಆದ್ರೆ ಕಳೆದ ವರ್ಷದ ತಿಥಿ ಮುಗಿಸಿ ಬಸ್ಸಲ್ಲಿ ವಾಪಸ್ ಬರ್ತಾ ಅನಿಸ್ತು, ಚಿಕ್ಕಪ್ಪ ಕೇಳ್ತಿರೋ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಒಂದು ಸಲ ಬಂದ ಕಾಯಿಲೆ ಮತ್ತೆ ಯಾಕೆ ಬರುತ್ತೆ? ಲಸಿಕೆ ಹಾಕಿಸಿಕೊಂಡ ಮೇಲೂ ಬರೋದಾದ್ರೆ ದೇಹ ಕಲಿತದ್ದೇನು? ಇದನ್ನ ನಮಗಿಂತ ಮುಂಚೆ ಎಷ್ಟೋ ಜನ ಕೇಳಿದ್ದಾರೆ. ಕೆಲವರು ಮೂಗಿಗೆ ವೈರಸ್ ಹಾಕಿಸಿಕೊಂಡೇ ಕೇಳಿದ್ದಾರೆ. ಆ ಕಥೆ ಈ ಸರಣಿ. ಒಂದೇ ಪೋಸ್ಟಲ್ಲಿ ಹಿಡಿಸಲ್ಲ, ಭಾಗ ಭಾಗ ಮಾಡಿ ಹಾಕ್ತಿದ್ದೀನಿ.

ಭಾಗ 2

ಮೊದಲು 1846ಕ್ಕೆ ಹೋಗೋಣ. ಐಸ್‌ಲ್ಯಾಂಡಿಗೂ ಸ್ಕಾಟ್ಲೆಂಡಿಗೂ ನಡುವೆ ಸಮುದ್ರದಲ್ಲಿ ಫ್ಯಾರೋ ಅಂತ ದ್ವೀಪಗಳಿವೆ, ಡೆನ್ಮಾರ್ಕಿಗೆ ಸೇರಿದ್ದು. ಆ ವರ್ಷ ಅಲ್ಲಿಗೆ ದಡಾರ ಬಂತು. 7,782 ಜನಸಂಖ್ಯೆಯಲ್ಲಿ ಸುಮಾರು 6,000 ಜನ ಮಲಗಿಬಿಟ್ಟರು. ಮಕ್ಕಳಷ್ಟೇ ಅಲ್ಲ, ಮೀಸೆ ಬಂದ ಗಂಡಸರು, ಮೊಮ್ಮಕ್ಕಳಿದ್ದ ಹೆಂಗಸರು ಎಲ್ಲ. ನೋಡಿ ಬಾ ಅಂತ ಡೆನ್ಮಾರ್ಕ್ ಸರ್ಕಾರ ಕಳಿಸಿದ ಡಾಕ್ಟರ ಹೆಸರು ಪೀಟರ್ ಲುಡ್ವಿಗ್ ಪಾನುಮ್. ವಯಸ್ಸು 25. ನನಗಿಂತ ಬರೀ ಐದು ವರ್ಷ ದೊಡ್ಡವನು!

ಪಾನುಮ್ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಓಡಾಡಿ ಮನೆಮನೆ ವಿಚಾರಿಸಿದ. ಆಗ ಒಂದು ವಿಚಿತ್ರ ಕಂಡಿತು. ಫ್ಯಾರೋಗೆ ಅದಕ್ಕೆ ಮುಂಚೆ ದಡಾರ ಬಂದದ್ದು 1781ರಲ್ಲಿ. ನಡುವೆ 65 ವರ್ಷ ಇರಲೇ ಇಲ್ಲ. 1781ರಲ್ಲಿ ಚಿಕ್ಕವರಿದ್ದು ದಡಾರ ಅನುಭವಿಸಿದ ಮುದುಕ ಮುದುಕಿಯರು ಇನ್ನೂ ಬದುಕಿದ್ದರು. ಅವರಲ್ಲಿ ಒಬ್ಬರಿಗೂ ಎರಡನೇ ಸಲ ಬರಲಿಲ್ಲ.

65 ವರ್ಷ! ನಡುವೆ ಒಂದು ಸಲವೂ ನೆನಪಿಸದೆ ದೇಹ ನೆನಪಿಟ್ಟುಕೊಂಡಿತ್ತು.

ನಮ್ಮ ತಲೆಯಲ್ಲಿರೋ "ಇಮ್ಯುನಿಟಿ" ಅನ್ನೋ ಪದ ಈ ಮುದುಕರದ್ದೇ. ಒಂದು ಸಲ ಬಂದ್ರೆ ಜೀವನಪರ್ಯಂತ ರಕ್ಷೆ. ಅಮ್ಮ ಹೇಳೋದೂ ಅದೇ ಅಲ್ವಾ, "ನಿಂಗೆ ಚಿಕ್ಕವನಿದ್ದಾಗಲೇ ಅಮ್ಮ ಎದ್ದಿದ್ಲು, ಇನ್ನು ಬರಲ್ಲ" ಅಂತ. 2020ರಲ್ಲಿ ನಾವೆಲ್ಲ ಕೊರೊನಾ ವಿಚಾರದಲ್ಲೂ ಇದನ್ನೇ ನಂಬಿಕೊಂಡಿದ್ವಿ.

ತೊಂದರೆ ಏನಂದ್ರೆ ಕೊರೊನಾ ವೈರಸ್ಸಿನ ಜಾತಿಯೇ ಬೇರೆ. ಅದೂ ಗೊತ್ತಿಲ್ಲದ ವಿಷಯ ಆಗಿರಲಿಲ್ಲ.

ಭಾಗ 3

ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆದ್ರೆ ಕ್ಷಮಿಸಿ.

ಇಂಗ್ಲೆಂಡಿನ ಸಾಲಿಸ್‌ಬರಿ ಅನ್ನೋ ಊರಿನ ಹೊರಗೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ರೆಡ್ ಕ್ರಾಸ್ ಸೇರಿ ಕಟ್ಟಿಸಿದ್ದ ಶೆಡ್ಡಿನಂಥ ಆಸ್ಪತ್ರೆ ಇತ್ತು. ಯುದ್ಧ ಮುಗಿದ ಮೇಲೆ 1946ರಲ್ಲಿ ಅಲ್ಲೊಂದು ಸಂಸ್ಥೆ ಶುರುವಾಯ್ತು, ಕಾಮನ್ ಕೋಲ್ಡ್ ಯೂನಿಟ್. ನೆಗಡಿಗೇ ಮೀಸಲಾದ ಸಂಶೋಧನಾ ಕೇಂದ್ರ ಅಂದ್ರೆ ನಗು ಬರುತ್ತೆ. ಆದ್ರೆ ನೆಗಡಿಯಿಂದ ಕೆಲಸಕ್ಕೆ ರಜೆ ಹಾಕೋರ ಲೆಕ್ಕ ನೋಡಿದ್ರೆ (ಕಾಮರ್ಸ್ ಬುದ್ಧಿ) ಅದು ಸಣ್ಣ ಖರ್ಚಲ್ಲ.

ಪೇಪರಲ್ಲಿ ಜಾಹೀರಾತು ಕೊಡ್ತಿದ್ರು. ಬನ್ನಿ, ಹತ್ತು ದಿನ ಇರಿ, ಊಟ ವಸತಿ ಉಚಿತ, ಓಡಾಟದ ಖರ್ಚು ನಮ್ದು, ಕೈಖರ್ಚಿಗೂ ಕೊಡ್ತೀವಿ. ಒಂದೇ ಷರತ್ತು, ಮೂಗಿಗೆ ವೈರಸ್ ಇರೋ ಹನಿ ಹಾಕ್ತೀವಿ. ಕೆಲವರಿಗೆ ಬರೀ ಉಪ್ಪು ನೀರು. ಯಾರಿಗೆ ಏನು ಅಂತ ಹೇಳಲ್ಲ. ಇಬ್ಬರು ಮೂವರಂತೆ ಬೇರೆ ಬೇರೆ ಇರಿಸ್ತಿದ್ರು, ಉಳಿದವರ ಹತ್ತಿರ ಹೋಗಂಗಿಲ್ಲ, 30 ಅಡಿ ದೂರ. ನಮಗೆ 2020ರಲ್ಲಿ ಬಂದ "ಸಾಮಾಜಿಕ ಅಂತರ" ಅವರಿಗೆ ಆಗಲೇ ಪಿಕ್ನಿಕ್! ಖರ್ಚಿಲ್ಲದ ರಜೆ ಅಂತ ವಿದ್ಯಾರ್ಥಿಗಳು ಬರ್ತಿದ್ರು, ಹೊಸದಾಗಿ ಮದುವೆಯಾದವರೂ ಬರ್ತಿದ್ರು. ಯಾರಿಗೆ ಎಷ್ಟು ನೆಗಡಿ ಅನ್ನೋದನ್ನ ಅಳೆಯೋಕೆ ಅವರು ಬಳಸಿ ಬಿಸಾಕಿದ ಟಿಶ್ಯೂ ಲೆಕ್ಕ ಹಾಕ್ತಿದ್ರು. ಅಕೌಂಟೆನ್ಸಿ ಎಲ್ಲೆಲ್ಲಿ ಬೇಕಾಗುತ್ತೆ ನೋಡಿ.

1960ರಲ್ಲಿ ಒಬ್ಬ ಶಾಲಾ ಹುಡುಗನ ನೆಗಡಿಯಿಂದ ತೆಗೆದ ಮಾದರಿಯೊಂದು ಅಲ್ಲಿಗೆ ಬಂತು. ಹೆಸರು ಬಿ814. ಸ್ವಯಂಸೇವಕರ ಮೂಗಿಗೆ ಹಾಕಿದ್ರೆ ನೆಗಡಿ ಬರುತ್ತೆ, ಆದ್ರೆ ಗೊತ್ತಿದ್ದ ಯಾವ ವೈರಸ್ಸೂ ಅದಲ್ಲ. ಮಾಮೂಲಿ ವಿಧಾನದಲ್ಲಿ ಬೆಳೆಯೋದೂ ಇಲ್ಲ. ಯೂನಿಟ್ಟಿನ ಡೇವಿಡ್ ಟಿರೆಲ್ ಅದನ್ನ ಕೊನೆಗೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದ ಜೂನ್ ಅಲ್ಮೇಡಾಗೆ ಕೊಟ್ಟರು. ಅಲ್ಮೇಡಾ ಗ್ಲಾಸ್ಗೋದ ಬಸ್ ಡ್ರೈವರ್ ಮಗಳು. 16ಕ್ಕೆ ಶಾಲೆ ಬಿಟ್ಟು ಆಸ್ಪತ್ರೆ ಲ್ಯಾಬಲ್ಲಿ ಟೆಕ್ನಿಶಿಯನ್ ಆಗಿ ಸೇರಿದವರು, ಯೂನಿವರ್ಸಿಟಿ ಮೆಟ್ಟಿಲು ಹತ್ತೋ ದುಡ್ಡಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವರ ಕೈ ಹಿಡಿಯೋರು ಇರಲಿಲ್ಲ. ಬಿ814 ಸುತ್ತ ಪ್ರಭಾವಳಿಯಂಥ ಮುಳ್ಳುಗಳನ್ನ ಅವರು ಕಂಡರು. ಇಂಥದ್ದನ್ನ ಅವರು ಮುಂಚೆಯೂ ಕೋಳಿಯ ವೈರಸ್ಸಲ್ಲಿ, ಇಲಿಯ ವೈರಸ್ಸಲ್ಲಿ ನೋಡಿದ್ದರು. ಬರೆದು ಕಳಿಸಿದ ಲೇಖನವನ್ನ "ಇದು ಫ್ಲೂ ವೈರಸ್ಸಿನ ಕೆಟ್ಟ ಫೋಟೋ" ಅಂತ ವಾಪಸ್ ಮಾಡಿದ್ದರಂತೆ. ಈ ಸಲ ಮೂರೂ ಒಂದೇ ಕುಟುಂಬ ಅಂತ ಗೊತ್ತಾಯ್ತು. ಲ್ಯಾಟಿನ್ನಲ್ಲಿ ಕಿರೀಟಕ್ಕೆ ಕೊರೋನಾ. 1968ರಲ್ಲಿ ಆ ಹೆಸರು 'ನೇಚರ್' ಪತ್ರಿಕೆಯಲ್ಲಿ ಬಂತು.

ಅಂದ್ರೆ ಕೊರೊನಾ ನಮ್ಮಪ್ಪನಿಗಿಂತ ಹಳೇ ಹೆಸರು. 2020ಕ್ಕೆ ಮುಂಚೆಯೇ ಮನುಷ್ಯರಲ್ಲಿ ನಾಲ್ಕು ಕೊರೊನಾಗಳು ಮಾಮೂಲಿ ನೆಗಡಿಯಾಗಿ ಓಡಾಡಿಕೊಂಡಿದ್ದವು. ಅವುಗಳಲ್ಲಿ 229ಇ ಅನ್ನೋದು 1960ರ ದಶಕದಲ್ಲಿ ಶಿಕಾಗೋದ ವಿದ್ಯಾರ್ಥಿಗಳ ನೆಗಡಿಯಲ್ಲಿ ಸಿಕ್ಕಿದ್ದು. ಈ ಹೆಸರು ನೆನಪಿಟ್ಕೊಳ್ಳಿ, ಮುಂದಿನ ಭಾಗದ ಹೀರೋ ಅದೇ.

ಭಾಗ 4

ಸಾಲಿಸ್‌ಬರಿಯಲ್ಲೇ, 1980ರ ದಶಕದಲ್ಲಿ. ಟಿರೆಲ್ ತಂಡ 15 ಜನರ ಮೂಗಿಗೆ 229ಇ ಹಾಕಿತು. 10 ಜನಕ್ಕೆ ಸೋಂಕು ತಗುಲಿತು, 8 ಜನಕ್ಕೆ ನೆಗಡಿಯೇ ಬಂತು. ರಕ್ತ ತೆಗೆದು ನೋಡಿದ್ರೆ ಒಂದು ವಾರಕ್ಕೆ ಪ್ರತಿಕಾಯಗಳು ಏರೋಕೆ ಶುರು, ಇನ್ನೊಂದು ವಾರಕ್ಕೆ ತುತ್ತತುದಿ. ಆಮೇಲೆ ನಿಧಾನಕ್ಕೆ ಇಳಿಕೆ.

ಇಲ್ಲಿಗೇ ನಿಲ್ಲಿಸಿದ್ರೆ ಇದು ಇನ್ನೊಂದು ನೆಗಡಿ ಪ್ರಯೋಗ ಆಗ್ತಿತ್ತು. ಅವರು ಅದೇ ಜನರನ್ನ ಒಂದು ವರ್ಷದ ಮೇಲೆ ಮತ್ತೆ ಕರೆಸಿದರು. ಅದೇ ವೈರಸ್, ಅದೇ ಮೂಗು. ಮೊದಲ ಸಲ ಸೋಂಕಾಗಿದ್ದವರಲ್ಲಿ 9 ಜನ ಬಂದಿದ್ದರು. ಅವರಲ್ಲಿ 6 ಜನಕ್ಕೆ ಮತ್ತೆ ಸೋಂಕು ತಗುಲಿತು.

ಒಂದೇ ವರ್ಷ! ಫ್ಯಾರೋದ ಮುದುಕರ 65 ವರ್ಷ ಎಲ್ಲಿ, ಇದೆಲ್ಲಿ. ರೂಪಾಂತರಿ ಕೂಡ ಅಲ್ಲ, ಅದೇ ವೈರಸ್. ಚಿಕ್ಕಪ್ಪ ಅಲ್ಲಿದ್ದಿದ್ರೆ "ನೋಡಿದ್ರಾ, ಏನೂ ಪ್ರಯೋಜನ ಇಲ್ಲ" ಅಂತಿದ್ರು.

ಆದ್ರೆ ಅದೇ ಪ್ರಯೋಗದ ಮುಂದಿನ ಸಾಲು ಓದಿ. ಆ 6 ಜನರಲ್ಲಿ ಒಬ್ಬರಿಗೂ ನೆಗಡಿ ಬರಲಿಲ್ಲ. ಒಬ್ಬರಿಗೂ. ಮೂಗಿನಿಂದ ವೈರಸ್ ಹೊರಬಂದದ್ದೂ ಮೊದಲಿಗಿಂತ ಕಡಿಮೆ ದಿನ. ಸೋಂಕು ತಗುಲಿತು, ಕಾಯಿಲೆ ಆಗಲಿಲ್ಲ.

ಇದನ್ನ ಓದಿದ ದಿನ ರಾತ್ರಿ ಹಾಸ್ಟೆಲಲ್ಲಿ ನಿದ್ದೆ ಬರಲಿಲ್ಲ. ನಾವು "ಬಂತು" ಅನ್ನೋ ಒಂದೇ ಪದದಲ್ಲಿ ಎರಡು ಬೇರೆ ವಿಷಯ ಹೇಳ್ತಾ ಇದ್ದೀವಿ. ಮೂಗಿಗೆ ವೈರಸ್ ಬಂತು ಅನ್ನೋದು ಒಂದು. ಮೈಗೆ ಕಾಯಿಲೆ ಬಂತು ಅನ್ನೋದು ಇನ್ನೊಂದು. ನಮ್ಮನೆ ಜಗಳವೆಲ್ಲ ಈ ಒಂದು ಪದದ ಮೇಲೇ ನಿಂತಿದೆ.

ದೇಹದೊಳಗೆ ಆಗೋದು ಹೀಗೆ. ಪ್ರತಿಕಾಯಗಳು ವೈರಸ್ಸಿನ ಮುಳ್ಳನ್ನ ಹಿಡ್ಕೊಂಡು ಅದು ಜೀವಕೋಶದೊಳಗೆ ಹೋಗದ ಹಾಗೆ ಮಾಡೋ ಪ್ರೋಟೀನುಗಳು. ಅಂಗಡಿ ಗಲ್ಲಾದಲ್ಲಿರೋ ನಗದು ಇದ್ದ ಹಾಗೆ, ಗಿರಾಕಿ ಬಂದ ತಕ್ಷಣ ಕೈಗೆ ಸಿಗಬೇಕು. ಆದ್ರೆ ದೇಹ ಇಷ್ಟೂ ನಗದನ್ನ ಸುಮ್ಮನೆ ಇಟ್ಕೊಂಡು ಕೂರಲ್ಲ, ತಿಂಗಳು ಕಳೆದ ಹಾಗೆ ಕಡಿಮೆ ಮಾಡುತ್ತೆ. ಉಳಿಯೋದು ನೆನಪಿನ ಕೋಶಗಳು. ಬಿ ಕೋಶಗಳು ಬೇಕಾದಾಗ ಮತ್ತೆ ಪ್ರತಿಕಾಯ ತಯಾರು ಮಾಡ್ತವೆ. ಟಿ ಕೋಶಗಳಲ್ಲಿ ಒಂದು ಬಗೆ, ವೈರಸ್ ಹೊಕ್ಕಿರೋ ನಮ್ಮದೇ ಜೀವಕೋಶಗಳನ್ನ ಹುಡುಕಿ ಕೊಲ್ಲುತ್ತವೆ. ಇವು ಎಫ್‌ಡಿ ಇದ್ದ ಹಾಗೆ. ದುಡ್ಡು ಭದ್ರ, ಆದ್ರೆ ಮುರಿಸೋಕೆ ಬ್ಯಾಂಕಿಗೆ ಹೋಗಿ ಬರಬೇಕು, ಕೆಲವು ದಿನ ಹಿಡಿಯುತ್ತೆ.

ದಡಾರ ಮೈಯಲ್ಲಿ ಹರಡಿ ಲಕ್ಷಣ ತೋರಿಸೋಕೆ ಹತ್ತು ಹನ್ನೆರಡು ದಿನ ತಗೊಳ್ಳುತ್ತೆ, ಅಷ್ಟರಲ್ಲಿ ಎಫ್‌ಡಿ ಮುರಿಸಿ ದುಡ್ಡು ಕೈಗೆ ಬಂದಿರುತ್ತೆ. ಮೇಲಾಗಿ ದಡಾರದ ವೈರಸ್ ತನ್ನ ಮುಖ್ಯ ಮುಖ ಬದಲಿಸೋದೇ ಇಲ್ಲ ಅನ್ನಬಹುದು. ಕೊರೊನಾ ಮೂಗಿನಲ್ಲೇ ಕೂತು ಎರಡು ಮೂರು ದಿನದಲ್ಲಿ ಕೆಲಸ ಮುಗಿಸುತ್ತೆ. ಮೂಗು ಸೋರುತ್ತೆ, ಟೆಸ್ಟಲ್ಲಿ ಪಾಸಿಟಿವ್ ಬರುತ್ತೆ. ಆದ್ರೆ ಅದು ಶ್ವಾಸಕೋಶಕ್ಕೆ ಇಳಿದು ಹಾಳು ಮಾಡೋಕೆ ಇನ್ನೂ ಒಂದು ವಾರ ಬೇಕು. ಅಷ್ಟರಲ್ಲಿ ನೆನಪಿನ ಕೋಶಗಳು ಬಂದು ತಲುಪ್ತವೆ.

ನೆನಪು ಎಷ್ಟು ದಿನ ಇರುತ್ತೆ? 2003ರಲ್ಲಿ ಸಾರ್ಸ್ ಬಂದು ಉಳಿದವರ ರಕ್ತವನ್ನ ಸಿಂಗಾಪುರದಲ್ಲಿ 17 ವರ್ಷದ ಮೇಲೆ ಪರೀಕ್ಷೆ ಮಾಡಿದ್ರು. ಆ ವೈರಸ್ಸನ್ನ ಗುರುತಿಸೋ ಟಿ ಕೋಶಗಳು ಇನ್ನೂ ಇದ್ದವು. ಆ ಕಾಯಿಲೆಯೇ ಊರು ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿತ್ತು.

ಭಾಗ 5

ಇಲ್ಲೊಂದು ತೊಡಕಿದೆ. ನೆನಪು ಇದ್ದೇ ಇರುತ್ತೆ ಸರಿ, ವೈರಸ್ಸೇ ವೇಷ ಬದಲಿಸಿದ್ರೆ?

ಅಮೆರಿಕದ ಸಿಯಾಟಲ್‌ನಲ್ಲಿ ಜೆಸ್ಸಿ ಬ್ಲೂಮ್ ತಂಡ ಒಂದು ಚೆಂದದ ಕೆಲಸ ಮಾಡಿತು. 1980ರ ದಶಕದ ಕೊನೆಯಲ್ಲಿ ತೆಗೆದು ಫ್ರೀಜರಲ್ಲಿಟ್ಟಿದ್ದ ಮನುಷ್ಯರ ರಕ್ತದ ಸೀರಮ್ ತಗೊಂಡು, ಅದನ್ನ ಬೇರೆ ಬೇರೆ ಕಾಲದ 229ಇ ವೈರಸ್ಸುಗಳ ಮುಳ್ಳಿನ ಮುಂದೆ ಇಟ್ಟರು. 1984ರ ವೈರಸ್ಸನ್ನ ಆ ರಕ್ತ ಚೆನ್ನಾಗಿ ತಡೆಯಿತು. ಆದ್ರೆ 8ರಿಂದ 17 ವರ್ಷ ಆಮೇಲಿನ ವೈರಸ್ಸುಗಳ ಮುಂದೆ ಬಹಳಷ್ಟು ಸೀರಮ್‌ಗಳು ಸೋತವು. ಅಂದ್ರೆ ಸಾಧಾರಣ ನೆಗಡಿಯ ಕೊರೊನಾ ಕೂಡ ನಮ್ಮ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳೋಕೆ ದಶಕಗಟ್ಟಲೆ ಬಣ್ಣ ಬದಲಿಸ್ತಾನೇ ಬಂದಿದೆ. ಹೆಸರಿಟ್ಟು ಸುದ್ದಿ ಮಾಡೋರು ಇರಲಿಲ್ಲ ಅಷ್ಟೆ.

ಇನ್ನೊಂದು ಪಕ್ಕದ ಕಥೆ. 1889ರಲ್ಲಿ ಮಧ್ಯ ಏಷ್ಯಾದ ಬುಖಾರಾ ಕಡೆಯಿಂದ ಹೊರಟ ಜ್ವರವೊಂದು ಸೇಂಟ್ ಪೀಟರ್ಸ್‌ಬರ್ಗ್ ಮೂಲಕ ರೈಲು, ಹಡಗು ಹತ್ತಿ ಕೆಲವೇ ತಿಂಗಳಲ್ಲಿ ಜಗತ್ತು ಸುತ್ತಿತು. ಹತ್ತು ಲಕ್ಷದಷ್ಟು ಜನ ಸತ್ತರು ಅಂತ ಅಂದಾಜು. ಅದನ್ನ ರಷ್ಯನ್ ಫ್ಲೂ ಅಂತಾರೆ. ಓಸಿ43 ಅನ್ನೋ ಇನ್ನೊಂದು ನೆಗಡಿ ಕೊರೊನಾದ ಅನುವಂಶಿಕ ಅಕ್ಷರಗಳನ್ನ ಹಸುವಿನ ಕೊರೊನಾ ಜೊತೆ ಹೋಲಿಸಿ, ಎರಡೂ ಬೇರೆಯಾದದ್ದು 1890ರ ಆಸುಪಾಸು ಅಂತ ಬೆಲ್ಜಿಯಂನವರು 2005ರಲ್ಲಿ ಲೆಕ್ಕ ಹಾಕಿದರು. ಹಾಗಾಗಿ ಅದು ಫ್ಲೂ ಅಲ್ಲ, ಕೊರೊನಾ ಇರಬಹುದು ಅನ್ನೋ ಊಹೆ ಇದೆ. ಸಾಬೀತಾಗಿಲ್ಲ, ರೀಲ್ಸಲ್ಲಿ ಸಾಬೀತಾಗಿದೆ ಅನ್ನೋ ಹಾಗೆ ಹೇಳೋರನ್ನ ನಂಬಬೇಡಿ. ಆದ್ರೆ ನಿಜವೇ ಆಗಿದ್ರೆ ಯೋಚಿಸಿ, ಒಂದು ಕಾಲದಲ್ಲಿ ಸಾಮ್ರಾಜ್ಯಗಳನ್ನ ಮಲಗಿಸಿದ ಕಾಯಿಲೆಗೆ ಇವತ್ತು ನಾವು ಮೆಣಸಿನ ಕಷಾಯ ಕುಡಿದು ಕಾಲೇಜಿಗೆ ಹೋಗ್ತಿದ್ದೀವಿ.

ಭಾಗ 6

ಈಗ ನಮ್ಮ ಕಾಲ. ಕೋವಿಡ್ ವೈರಸ್ಸಿನ ಆರ್‌ಎನ್‌ಎ ಸುಮಾರು 30,000 ಅಕ್ಷರದ ಪಠ್ಯ. ಪ್ರತಿ ಸಲ ನಕಲು ಆಗುವಾಗ ಅಲ್ಲೊಂದು ಇಲ್ಲೊಂದು ಕಾಗುಣಿತ ತಪ್ಪು. ಹೆಚ್ಚಿನವು ಲೆಕ್ಕಕ್ಕಿಲ್ಲ. ಕೋಟ್ಯಂತರ ಜನರಲ್ಲಿ ನಕಲಾದಾಗ ಎಲ್ಲೋ ಒಂದು ತಪ್ಪು ವೈರಸ್ಸಿಗೆ ಲಾಭ ತರುತ್ತೆ. 2020ರ ಕೊನೆಗೆ ಇಂಗ್ಲೆಂಡಿನ ಕೆಂಟ್‌ನಲ್ಲಿ ಒಂದು, ದಕ್ಷಿಣ ಆಫ್ರಿಕದಲ್ಲಿ ಒಂದು, ಬ್ರೆಜಿಲ್‌ನಲ್ಲಿ ಒಂದು. ಆಮೇಲೆ ಆಲ್ಫಾ, ಬೀಟಾ, ಗ್ಯಾಮಾ ಅಂತ ಹೆಸರಾದವು.

ಇದರಲ್ಲಿ ನನ್ನನ್ನ ಹೆದರಿಸಿದ್ದು ಮನೌಸ್ ಕಥೆ. ಅಮೆಜಾನ್ ಕಾಡಿನ ನಡುವಿನ ನಗರ. 2020ರ ಏಪ್ರಿಲ್ ಮೇನಲ್ಲಿ ಅಲ್ಲಿ ಸಾಲು ಗುಂಡಿ ತೋಡಿ ಹೂಳಿದ ಚಿತ್ರ ನೀವೂ ನೋಡಿರ್ತೀರ. ರಕ್ತದಾನಿಗಳ ರಕ್ತ ಪರೀಕ್ಷಿಸಿ ಲೆಕ್ಕ ಹಾಕಿದ ಸಂಶೋಧಕರು, ಅಕ್ಟೋಬರ್ ಹೊತ್ತಿಗೆ ಅಲ್ಲಿನ 76% ಜನಕ್ಕೆ ಸೋಂಕು ಬಂದು ಹೋಗಿದೆ ಅಂದರು. ಇನ್ನೇನು ಬರಲ್ಲ ಅಂತ ಎಲ್ಲರೂ ಅಂದುಕೊಂಡರು, "ಹರ್ಡ್ ಇಮ್ಯುನಿಟಿ" ಅಂತ ವಾಟ್ಸಾಪಲ್ಲಿ ಓಡಿದ್ದು ನೆನಪಿದೆಯಾ? 2021ರ ಜನವರಿ ಮಧ್ಯದಲ್ಲಿ ಅದೇ ಮನೌಸ್‌ನ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಖಾಲಿಯಾಯ್ತು. ಜನ ಉಸಿರುಕಟ್ಟಿ ಸತ್ತರು. 76% ಅನ್ನೋ ಅಂದಾಜು ಜಾಸ್ತಿ ಇದ್ದಿರಬಹುದು, ಮೊದಲ ಅಲೆಯ ಪ್ರತಿಕಾಯ ಇಳಿದಿರಬಹುದು, ಗ್ಯಾಮಾ ವೈರಸ್ ಹೆಚ್ಚು ಹರಡುವಂಥದ್ದು ಮತ್ತು ಹಳೇ ಪ್ರತಿಕಾಯಗಳಿಂದ ಸ್ವಲ್ಪ ನುಣುಚಿಕೊಳ್ಳುವಂಥದ್ದು. ಮೂರೂ ಸೇರಿತ್ತು ಅನ್ನೋದು ನನ್ನ ಓದು.

ಬೀಟಾ ಕಥೆಗೆ ನಮ್ಮ ದೇಶದ ನಂಟಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಿಂದ 10 ಲಕ್ಷ ಡೋಸ್ 2021ರ ಫೆಬ್ರವರಿ 1ಕ್ಕೆ ದಕ್ಷಿಣ ಆಫ್ರಿಕ ತಲುಪಿತು. ನಾವು ಕೋವಿಶೀಲ್ಡ್ ಅನ್ನೋ ಅದೇ ಲಸಿಕೆ. ಅದೇ ವಾರ ಅಲ್ಲಿ ಸುಮಾರು 2,000 ಜನರ ಪ್ರಯೋಗದ ಫಲಿತಾಂಶ ಬಂತು. ಬೀಟಾದಿಂದ ಬರೋ ಸಣ್ಣ ಪ್ರಮಾಣದ ಕಾಯಿಲೆ ತಡೆಯೋದರಲ್ಲಿ ಲಸಿಕೆಯ ಸಾಮರ್ಥ್ಯ ಬರೀ 10%. ಸರ್ಕಾರ ಕೊಡೋದನ್ನೇ ನಿಲ್ಲಿಸಿತು, ಡೋಸುಗಳನ್ನ ಆಫ್ರಿಕದ ಬೇರೆ ದೇಶಗಳಿಗೆ ಕಳಿಸಿತು. ಆದ್ರೆ ಆ ಪ್ರಯೋಗದಲ್ಲಿ ಇದ್ದವರು ಯುವಕರು, ಯಾರಿಗೂ ತೀವ್ರ ಕಾಯಿಲೆ ಆಗಿರಲಿಲ್ಲ. ಹಾಗಾಗಿ ಜೀವ ಉಳಿಸುತ್ತಾ ಅನ್ನೋ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇರಲಿಲ್ಲ. ಸಾಲಿಸ್‌ಬರಿಯ ಪಾಠ ಎಲ್ಲರೂ ಮರೆತಿದ್ದರು, ಮತ್ತೆ "ಬಂತು" ಪದದ ಗೊಂದಲ.

ಭಾಗ 7

ಈ ಭಾಗ ಬರೆಯೋಕೆ ಮೂರು ವಾರ ತಗೊಂಡೆ.

ಭಾರತದಲ್ಲಿ ಮೊದಲು ಗುರುತಾದ ರೂಪಾಂತರಿ ಬಿ.1.617. ವಂಶಾವಳಿ ಓದೋಕೆ 2020ರ ಡಿಸೆಂಬರಿನಲ್ಲಿ ಇನ್ಸಾಕಾಗ್ ಅಂತ ಹತ್ತು ಲ್ಯಾಬುಗಳ ಕೂಟ ಶುರುವಾಗಿತ್ತು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರಲ್ಲಿತ್ತು. ಅದರ ಒಂದು ಕವಲು ಬಿ.1.617.2. ಜೀವಕೋಶಕ್ಕೆ ಬೇಗ ಹೊಕ್ಕುವಂಥ ಬದಲಾವಣೆ ಅದರ ಮುಳ್ಳಿನಲ್ಲಿತ್ತು. 2021ರ ಮೇ 5ರಂದು ಕರ್ನಾಟಕ ಒಂದರಲ್ಲೇ ಒಂದೇ ದಿನ 50,000ಕ್ಕೂ ಹೆಚ್ಚು ಕೇಸು.

ದೊಡ್ಡಪ್ಪಂಗೆ 58. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. 45 ದಾಟಿದವರಿಗೆಲ್ಲ ಏಪ್ರಿಲ್ 1ರಿಂದ ಲಸಿಕೆ ಕೊಡ್ತಿದ್ರು, ಅವರು ತಿಂಗಳ ಕೊನೆಯಲ್ಲಿ ಹೋಗಿ ಮೊದಲ ಡೋಸ್ ಹಾಕಿಸಿಕೊಂಡು ಬಂದ್ರು. ಸಂಜೆ ತೋಳು ನೋವು ಅಂತ ನಗಾಡಿಕೊಂಡು ಅಜ್ಜಿ ಹತ್ರ ಹರಳೆಣ್ಣೆ ಹಚ್ಚಿಸಿಕೊಂಡ್ರು. ಒಂಬತ್ತನೇ ದಿನ ಜ್ವರ. ಹದಿನಾರನೇ ದಿನ ಬೆಡ್ ಹುಡುಕಿಕೊಂಡು ಓಡಾಟ. ಎರಡು ಕಡೆ ಇಲ್ಲ ಅಂದ್ರು, ಮೂರನೇ ಕಡೆ ಸಿಕ್ತು. ಇಪ್ಪತ್ತೊಂದನೇ ದಿನ ಇರಲಿಲ್ಲ. ಮುಖ ನೋಡೋಕೆ ಬಿಟ್ಟಿದ್ದು ಚಿಕ್ಕಪ್ಪ ಒಬ್ಬರನ್ನೇ, ಅದೂ ದೂರದಿಂದ.

ವಿಶ್ವ ಆರೋಗ್ಯ ಸಂಸ್ಥೆ ಗ್ರೀಕ್ ಅಕ್ಷರದ ಹೆಸರು ಕೊಟ್ಟಿದ್ದು ಮೇ 31ಕ್ಕೆ. ದೊಡ್ಡಪ್ಪ ತೀರಿಕೊಂಡಾಗ ಅದಕ್ಕೆ ಡೆಲ್ಟಾ ಅನ್ನೋ ಹೆಸರೂ ಇರಲಿಲ್ಲ.

ಈಗ ಒಂಬತ್ತು ದಿನದ ಲೆಕ್ಕ. ಇದನ್ನ ನಾನು ನೋಟ್‌ಬುಕ್ಕಲ್ಲಿ ಗೆರೆ ಎಳೆದು ಬರೆದಿದ್ದೀನಿ. ಡೆಲ್ಟಾ ಹೊಕ್ಕ ಮೇಲೆ ಲಕ್ಷಣ ಕಾಣೋಕೆ ಸರಾಸರಿ ನಾಲ್ಕು ದಿನ. ಒಂಬತ್ತನೇ ದಿನ ಜ್ವರ ಅಂದ್ರೆ ವೈರಸ್ ಮೂಗಿಗೆ ಬಂದದ್ದು ಐದನೇ ದಿನದ ಆಸುಪಾಸು. ಮೊದಲ ಡೋಸ್ ಆದ ಮೇಲೆ ದೇಹ ಒಂದಿಷ್ಟು ರಕ್ಷಣೆ ಕಟ್ಟಿಕೊಳ್ಳೋಕೆ ಎರಡರಿಂದ ಮೂರು ವಾರ ಬೇಕು. ಐದನೇ ದಿನ ಅವರ ಗಲ್ಲಾಪೆಟ್ಟಿಗೆ ಖಾಲಿ, ಎಫ್‌ಡಿ ಇನ್ನೂ ತೆರೆದೇ ಇರಲಿಲ್ಲ. ಲಸಿಕೆ ಅವರನ್ನ ಕೊಲ್ಲಲಿಲ್ಲ. ಉಳಿಸೋಕೆ ಸಮಯವೂ ಸಿಗಲಿಲ್ಲ.

ಒಂದು ಡೋಸ್ ಪೂರ್ತಿ ಕೆಲಸ ಶುರು ಮಾಡಿದ್ದರೂ ಸಾಕಾಗ್ತಿತ್ತಾ? ಇಂಗ್ಲೆಂಡಿನ ಅಂಕಿ ನೋಡಿ. ಇದೇ ಲಸಿಕೆಯ ಒಂದು ಡೋಸ್, ಡೆಲ್ಟಾದಿಂದ ಲಕ್ಷಣ ಬರೋದನ್ನ ತಡೆದದ್ದು ಸುಮಾರು 30%. ಎರಡು ಡೋಸಿಗೆ 67%. ಆದ್ರೆ ಆಸ್ಪತ್ರೆ ಸೇರೋದನ್ನ ತಡೆದದ್ದು ಒಂದು ಡೋಸಿಗೆ 71%, ಎರಡಕ್ಕೆ 92%. ಮತ್ತೆ ಅದೇ ಮಾದರಿ, ಮೂಗಿನ ಬಾಗಿಲಲ್ಲಿ ದುರ್ಬಲ, ಶ್ವಾಸಕೋಶದ ಬಾಗಿಲಲ್ಲಿ ಗಟ್ಟಿ. ಇದು ಕ್ಷೇತ್ರದಿಂದ ಬಂದ ಅಂದಾಜು, ಹತ್ತಾರು ಸಾವಿರ ಜನರ ಸರಾಸರಿ. ಒಬ್ಬ ಮನುಷ್ಯನ ವಿಚಾರದಲ್ಲಿ ಸರಾಸರಿ ಏನೂ ಹೇಳಲ್ಲ ಅನ್ನೋದು ನಂಗೂ ಗೊತ್ತು, ಸ್ಟ್ಯಾಟಿಸ್ಟಿಕ್ಸ್ ಪೇಪರಲ್ಲಿ ಬರೆದು ಪಾಸಾಗಿದ್ದೀನಿ.

ಚಿಕ್ಕಪ್ಪನ ಮೇಲೆ ನಂಗೆ ಸಿಟ್ಟಿಲ್ಲ. ಕಣ್ಣೆದುರು ಮೊದಲು ಸೂಜಿ, ಆಮೇಲೆ ಜ್ವರ. ಯಾರಿಗಾದ್ರೂ ಎರಡಕ್ಕೂ ಗಂಟು ಬೀಳುತ್ತೆ. ಮಧ್ಯದಲ್ಲಿ ಬಂದ ವೈರಸ್ ಕಣ್ಣಿಗೆ ಕಾಣಲ್ಲವಲ್ಲ.

ಭಾಗ 8

2021ರ ಜೂನ್-ಜುಲೈನಲ್ಲಿ ಐಸಿಎಂಆರ್ ದೇಶದ ತುಂಬ ರಕ್ತ ಪರೀಕ್ಷೆ ಮಾಡಿದಾಗ 67.6% ಜನರಲ್ಲಿ ಪ್ರತಿಕಾಯ ಸಿಕ್ಕಿತು, ಮಕ್ಕಳನ್ನೂ ಸೇರಿಸಿ. ದೇಶ ದೊಡ್ಡ ಬೆಲೆ ಕೊಟ್ಟು ನೆನಪು ಕೊಂಡುಕೊಂಡಿತ್ತು. ಅಜ್ಜಿಗೆ ಎರಡೂ ಡೋಸ್ ಮುಗಿದದ್ದು ಆ ಆಗಸ್ಟಲ್ಲಿ. ಚಿಕ್ಕಪ್ಪ ಬೇಡ ಅಂತ ಅಡ್ಡ ನಿಂತ್ರೂ ಅಪ್ಪನೇ ಸ್ಕೂಟರಲ್ಲಿ ಕೂರಿಸಿಕೊಂಡು ಹೋಗಿ ಬಂದ್ರು.

ನವೆಂಬರ್ ಕೊನೆಗೆ ಬೋಟ್ಸ್ವಾನ, ದಕ್ಷಿಣ ಆಫ್ರಿಕದಿಂದ ಸುದ್ದಿ. ಮುಳ್ಳೊಂದರಲ್ಲೇ 30ಕ್ಕೂ ಹೆಚ್ಚು ಬದಲಾವಣೆ ಇರೋ ಹೊಸ ರೂಪಾಂತರಿ. 26ಕ್ಕೆ ಒಮಿಕ್ರಾನ್ ಅಂತ ಹೆಸರಿಟ್ಟರು. ಡಿಸೆಂಬರ್ 2ಕ್ಕೆ ಭಾರತದ ಮೊದಲ ಎರಡು ಕೇಸು ಘೋಷಣೆಯಾದದ್ದು ನಮ್ಮ ಬೆಂಗಳೂರಿನಿಂದ. ಒಬ್ಬರು ದಕ್ಷಿಣ ಆಫ್ರಿಕದಿಂದ ಬಂದಿದ್ದವರು. ಇನ್ನೊಬ್ಬರು ಇಲ್ಲಿಯದೇ ವೈದ್ಯರು, ವಿದೇಶಕ್ಕೇ ಹೋಗಿರಲಿಲ್ಲ. ಘೋಷಣೆ ಆಗೋ ಹೊತ್ತಿಗೆ ವೈರಸ್ ಆಗಲೇ ಊರೊಳಗೆ ಓಡಾಡ್ತಿತ್ತು ಅಂತ ಅರ್ಥ.

ಜನವರಿ ಸಂಕ್ರಾಂತಿ ವಾರ. ಅಜ್ಜಿಗೆ ಜ್ವರ, ಗಂಟಲು ಕೆರೆತ, ಟೆಸ್ಟ್ ಪಾಸಿಟಿವ್. ಅವತ್ತು ಮನೇಲಿ ಯಾರೂ ಮಾತಾಡಲಿಲ್ಲ. ಅಪ್ಪ ರಾತ್ರಿಯಿಡೀ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡ್ತಾ ಕೂತಿದ್ರು. 96, 97, 96. ಮೂರನೇ ದಿನ ಅಜ್ಜಿ ಎದ್ದು "ಎಳ್ಳು ಬೀರೋಕೆ ಯಾರೂ ಹೋಗಿಲ್ವಾ" ಅಂತ ಕೇಳಿದ್ರು. ಆವಾಗ ಅಪ್ಪ ಅತ್ತಿದ್ದು, ಅಣ್ಣ ಹೋದಾಗ ಕೂಡ ನಾನು ನೋಡಿರಲಿಲ್ಲ.

ಅಜ್ಜಿಯ ಪ್ರತಿಕಾಯಗಳಿಗೆ ಒಮಿಕ್ರಾನ್ ಮುಳ್ಳು ಗುರುತೇ ಸಿಕ್ಕಿರಲ್ಲ, ಐದು ತಿಂಗಳಲ್ಲಿ ಅವು ಇಳಿದೂ ಇದ್ದವು. ಬಾಗಿಲು ತೆರೆದಿತ್ತು, ಬಂತು. ಆದ್ರೆ ಟಿ ಕೋಶಗಳು ವೈರಸ್ಸನ್ನ ಗುರುತಿಸೋದು ಬೇರೆ ಥರ. ಅವು ಮುಳ್ಳಿನ ಆಕಾರ ನೋಡಲ್ಲ, ವೈರಸ್ ಪ್ರೋಟೀನಿನ ಚೂರುಗಳನ್ನ ನೋಡ್ತವೆ, ಅಲ್ಲೊಂದು ಇಲ್ಲೊಂದು ಚೂರು ಬದಲಾದ್ರೂ ಉಳಿದವು ಹಾಗೇ ಇರ್ತವೆ. ಲಸಿಕೆ ಪಡೆದವರಲ್ಲಿ, ಮುಂಚೆ ಸೋಂಕಾದವರಲ್ಲಿ ಟಿ ಕೋಶಗಳ ಸ್ಪಂದನೆ ಒಮಿಕ್ರಾನ್ ಮುಂದೆಯೂ 70ರಿಂದ 80% ಉಳಿದಿದೆ ಅಂತ ಕೇಪ್‌ಟೌನ್ ಸಂಶೋಧಕರು ತೋರಿಸಿದರು.

"ಒಮಿಕ್ರಾನ್ನೇ ಸಾಧು ಇತ್ತು, ಲಸಿಕೆಯದ್ದೇನಿದೆ" ಅಂತ ಕೇಳಬಹುದು. ಅರ್ಧ ನಿಜ, ಅದು ಶ್ವಾಸಕೋಶಕ್ಕಿಂತ ಗಂಟಲಲ್ಲಿ ಹೆಚ್ಚು ಬೆಳೆಯುತ್ತೆ. ಉಳಿದರ್ಧಕ್ಕೆ ಹಾಂಗ್‌ಕಾಂಗ್ ನೋಡಿ. ಎರಡು ವರ್ಷ ವೈರಸ್ಸನ್ನ ಹೊರಗೇ ಇಟ್ಟಿದ್ದ ಊರು, ಹಾಗಾಗಿ ಹೆಚ್ಚಿನವರಿಗೆ ಮುಂಚಿನ ಸೋಂಕಿಲ್ಲ. 80 ದಾಟಿದವರಲ್ಲಿ ಬಹಳ ಜನ ಲಸಿಕೆ ಹಾಕಿಸಿಕೊಂಡಿರಲಿಲ್ಲ. 2022ರ ಮಾರ್ಚಲ್ಲಿ ಅದೇ "ಸಾಧು" ಒಮಿಕ್ರಾನ್ ಅಲ್ಲಿ ನುಗ್ಗಿದಾಗ ಜನಸಂಖ್ಯೆಗೆ ಹೋಲಿಸಿದ್ರೆ ಸಾವಿನ ದರ ಜಗತ್ತಲ್ಲೇ ಎಲ್ಲರಿಗಿಂತ ಮೇಲಿತ್ತು. ಸತ್ತವರಲ್ಲಿ ಬಹುಪಾಲು ಲಸಿಕೆ ಪೂರ್ತಿಯಾಗದ ಹಿರಿಯರು. ಅಜ್ಜಿಯ ವಯಸ್ಸಿನವರು.

ಭಾಗ 9, ಕೊನೇದು

ಆಮೇಲಿನದ್ದು ಬೇಗ ಹೇಳ್ತೀನಿ. 2023ರ ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗೀತು ಅಂತು. ವೈರಸ್ ಮುಗೀಲಿಲ್ಲ. ಎಕ್ಸ್‌ಬಿಬಿ ಆಗಲೇ ಬಂದಿತ್ತು, ಆ ವರ್ಷದ ಕೊನೆಗೆ ಜೆಎನ್.1 ಬಂತು, ಈಗ ಓಡಾಡ್ತಿರೋದು ಒಮಿಕ್ರಾನಿನದೇ ಮಕ್ಕಳು ಮೊಮ್ಮಕ್ಕಳು.

ನಡುವೆ ಒಂದು ಹಳೇ ಸಂಗತಿ ಮತ್ತೆ ತಲೆ ಎತ್ತಿತು. ಥಾಮಸ್ ಫ್ರಾನ್ಸಿಸ್ ಅನ್ನೋ ಅಮೆರಿಕದ ವೈದ್ಯ ಫ್ಲೂ ಅಧ್ಯಯನ ಮಾಡ್ತಾ 1960ರಲ್ಲಿ ಒಂದು ಮಾತು ಹೇಳಿದ್ದರು. ಮೊಟ್ಟಮೊದಲು ಕಂಡ ವೈರಸ್ಸಿನ ಅಚ್ಚು ದೇಹದಲ್ಲಿ ಆಳವಾಗಿ ಕೂತುಬಿಡುತ್ತೆ, ಆಮೇಲೆ ಅದರ ನೆಂಟರು ಬಂದಾಗ ದೇಹ ಹೊಸ ಮುಖ ಕಲಿಯೋ ಬದಲು ಹಳೇ ಮುಖಕ್ಕೇ ಪ್ರತಿಕಾಯ ತಯಾರಿಸುತ್ತೆ. ಅದಕ್ಕೆ ಅವರು ಬೈಬಲಿನ ಮೂಲ ಪಾಪದ ಹೆಸರಿಟ್ಟರು. ವುಹಾನಿನ ಹಳೇ ರೂಪ ಮತ್ತು ಒಮಿಕ್ರಾನ್ ಎರಡನ್ನೂ ಬೆರೆಸಿ 2022ರಲ್ಲಿ ಕೊಟ್ಟ ಲಸಿಕೆಯಲ್ಲಿ ಇದೇ ತೊಂದರೆ ಕಂಡಿತು, ದೇಹ ಹಳೇ ಪರಿಚಯಕ್ಕೇ ಹೆಚ್ಚು ಸ್ಪಂದಿಸ್ತು. ಹಾಗಾಗಿ 2023ರ ಮೇನಲ್ಲಿ ಇನ್ನು ಹಳೇ ರೂಪವನ್ನ ಕೈಬಿಡಿ ಅಂತ ಸಲಹೆ ಬಂತು. ಹಳೇದು ಪೂರ್ತಿ ನಷ್ಟವೇನೂ ಅಲ್ಲ, ಬಿ ಕೋಶಗಳು ಪ್ರತಿ ಸೋಂಕಿನಲ್ಲೂ ಸ್ವಲ್ಪ ಸ್ವಲ್ಪ ತಿದ್ದಿಕೊಳ್ತಾ ಹೋಗ್ತವೆ. ಮೊದಲ ಮುಖ ಮರೆಯಲ್ಲ ಅಷ್ಟೆ.

ಚಿಕ್ಕಪ್ಪನಿಗೂ ಅಷ್ಟೇ ಅನ್ಸುತ್ತೆ.

ಈ ವರ್ಷದ ತಿಥಿಗೆ ನನ್ನ ನೋಟ್‌ಬುಕ್ ತಗೊಂಡು ಹೋಗಿದ್ದೆ. ಎಲೆ ಹಾಕೋ ಮೊದಲೇ, ಹಿತ್ತಲಲ್ಲಿ ಅವರು ಬಾಳೆಲೆ ಕೊಯ್ಯುವಾಗ, ಗೆರೆ ಎಳೆದ ಆ ಪುಟ ತೋರಿಸಿದೆ. ದಿನ 0 ಸೂಜಿ, ದಿನ 5 ವೈರಸ್, ದಿನ 9 ಜ್ವರ, ದಿನ 14ರ ಮೇಲೆ ರಕ್ಷಣೆ. ಕುಡುಗೋಲು ಕಂಕುಳಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದ್ರು.

"ಹಂಗಾದ್ರೆ ಹದಿನೈದು ದಿನ ಮುಂಚೆ ಹಾಕಿಸಿದ್ರೆ?"

ಈ ಪ್ರಶ್ನೆ ಬರುತ್ತೆ ಅಂತ ನಾನು ಯೋಚಿಸಿರಲಿಲ್ಲ. "ಉಳೀತಿದ್ರೇನೋ ಚಿಕ್ಕಪ್ಪ. ಖಾತ್ರಿ ಹೇಳಕ್ಕಾಗಲ್ಲ."

"ಏಪ್ರಿಲ್ ಮೊದಲನೇ ವಾರ ಹೋಗ್ತೀನಿ ಅಂದಿದ್ದ ಕಣೋ. ಕೊಬ್ಬರಿ ಲೋಡ್ ಇತ್ತು, ನಾನೇ ಆಮೇಲೆ ಹೋಗುವಂತೆ ಇರು ಅಂದಿದ್ದೆ."

ನಂಗೆ ಏನು ಹೇಳ್ಬೇಕೋ ತಿಳೀಲಿಲ್ಲ. ಅವರು ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟು, ಎಲೆ ಹೊರೆ ಹೆಗಲಿಗೆ ಹಾಕ್ಕೊಂಡು ಒಳಗೆ ಹೋದ್ರು. ಈ ಸಲ ಊಟದ ಹೊತ್ತಲ್ಲಿ ಯಾರೂ ಲಸಿಕೆ ಮಾತು ಎತ್ತಲಿಲ್ಲ.